ಕಂಬ ಕೂರುವುದಿಲ್ಲ

ಮಾರ್ಚ್ 3, ಸೋಮವಾರ

ಈ ತಿಂಗಳಿಡೀ ನಮ್ಮ ಅಂಗಡಿಯ ಹೆಂಗಸರೆಲ್ಲ ಆರೋಗ್ಯವಂತರಾಗಬೇಕಂತೆ. ಹಾಗೆಂದು ಯಜಮಾನರ ಸೊಸೆ ಅಪ್ಪಣೆ ಮಾಡಿದ್ದಾಳೆ. ಎಲ್ಲೋ ಏನೋ ಓದಿಕೊಂಡು ಬಂದಿದ್ದಾಳೆ. ಓದಿದ್ದನ್ನು ಯಾರ ಮೇಲಾದರೂ ಪ್ರಯೋಗಿಸಬೇಕು. ಗಂಡನ ಮೇಲೆ ಪ್ರಯೋಗಿಸಿದರೆ ಅವನು ಮನೆ ಬಿಟ್ಟಾನು, ಅದಕ್ಕೇ ನಮ್ಮ ಮೇಲೆ. ‘ಮಹಿಳಾ ಸ್ವಾಸ್ಥ್ಯ ಮಾಸ’ ಎಂದು ಬಾಗಿಲಿಗೆ ಬ್ಯಾನರ್ ಕಟ್ಟಿಸಿದ್ದಾಳೆ. ಸಂಜೆಯ ಹೊತ್ತಿಗೆ ಅದರ ಒಂದು ತುದಿ ಕಳಚಿ, ಗಂಡಸರ ಬೂಟುಗಳ ಸಾಲಿನ ಮೇಲೆ ಜೋತುಬಿದ್ದಿತ್ತು.

ತಲೆಗೊಂದರಂತೆ ಈ ನೋಟ್‌ಬುಕ್ಕನ್ನೂ ಹಂಚಿದಳು. ದಿನಾ ಎಷ್ಟು ನೀರು ಕುಡಿದಿರಿ, ಮನಸ್ಸಿಗೆ ಏನನ್ನಿಸಿತು ಎಂದು ಬರೆದುಕೊಳ್ಳಬೇಕಂತೆ. “ಯಾರೂ ಓದಲ್ಲ, ನಿಮಗೋಸ್ಕರ ನೀವೇ ಬರ್ಕೊಳ್ಳಿ” ಎಂದಳು. ಯಾರೂ ಓದುವುದಿಲ್ಲ ಎಂದಮೇಲೆ ಸರಿ. ನೀರು ಬೇಕಾದಷ್ಟು ಕುಡಿದೆ. ಮನಸ್ಸಿಗೆ, ಈ ಹುಡುಗಿಗೆ ಮಾಡಲು ಬೇರೆ ಕೆಲಸವಿಲ್ಲ ಅನ್ನಿಸಿತು.

ನಾನು ಯಾರೆಂದು ನನಗೇ ಹೇಳಿಕೊಳ್ಳುವ ಅಗತ್ಯವಿಲ್ಲ. ಆದರೆ ಕಾಗದ ಒಳ್ಳೆಯದಿದೆ, ದಂಡವಾಗಬಾರದು. ಪಾದರಕ್ಷೆ ಅಂಗಡಿಯ ಮಹಡಿಯಲ್ಲಿರುವ ಹೆಂಗಸರ ವಿಭಾಗಕ್ಕೆ ನಾನು ಮೇಲ್ವಿಚಾರಕಿ. ಮಹಡಿಯ ತುಂಬ ಮೆತ್ತನೆಯ ಕುರ್ಚಿಗಳಿವೆ, ಎಲ್ಲವೂ ಗಿರಾಕಿಗಳಿಗೆ. ಕೆಲಸದವರು ಕೂರುವಂತಿಲ್ಲ. ಗಿರಾಕಿ ಕೂತು ಕಾಲು ಚಾಚಿದಾಗ ಮಾತ್ರ, ತೊಡಿಸುವುದಕ್ಕಾಗಿ, ಅವಳೆದುರು ಗಿಡ್ಡ ಸ್ಟೂಲು ಎಳೆದುಕೊಂಡು ಕೂರಬಹುದು. ಗಿರಾಕಿ ಎದ್ದಳೋ, ಇವಳೂ ಏಳಬೇಕು. ಇದು ಯಜಮಾನರ ಅಪ್ಪನ ಕಾಲದ ನಿಯಮ. ಅದನ್ನು ಕಾಯುವವಳು ನಾನು. ಮೇಲ್ವಿಚಾರಕಿ ಯಾರ ಕಾಲಿಗೂ ಏನನ್ನೂ ತೊಡಿಸುವುದಿಲ್ಲ, ಆದ್ದರಿಂದ ನನಗೆ ಆ ಗಿಡ್ಡ ಸ್ಟೂಲೂ ಇಲ್ಲ. ಬೇಕಾಗಿಯೂ ಇಲ್ಲ. ನಾನು ಇಲ್ಲಿ ಕೂತದ್ದನ್ನು ಕಂಡವರು ಯಾರೂ ಹುಟ್ಟಿಲ್ಲ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಕಂಬ’ ಅನ್ನುತ್ತಾರೆ. ಬೈಗುಳ ಅಂದುಕೊಂಡಿದ್ದಾರೆ, ಪಾಪ. ಕಂಬ ಇಲ್ಲದಿದ್ದರೆ ಮಾಡು ತಲೆಯ ಮೇಲೆ ಬೀಳುತ್ತದೆ ಎಂಬ ಬುದ್ಧಿಯೂ ಆ ತಲೆಗಳಲ್ಲಿಲ್ಲ.

ಮಾರ್ಚ್ 5, ಬುಧವಾರ

ಆರೋಗ್ಯ ಹೇಳಿಕೊಡುವವಳು ಬಂದಳು. ಕೈಕೂಸಿನಷ್ಟು ದೊಡ್ಡ ನೀರಿನ ಬಾಟಲಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಾಡುತ್ತಾಳೆ. ಇವಳನ್ನು ನೀರುಬಾಟಲಿ ಎಂದೇ ಕರೆಯುತ್ತೇನೆ, ಬೇರೆ ಹೆಸರು ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತಿಲ್ಲ.

ಅಂಗಡಿ ತೆರೆಯುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಶುರುಮಾಡಿದಳು. “ಇವತ್ತಿನ ಹೆಣ್ಮಕ್ಕಳಿಗೆ ದೊಡ್ಡ ಶತ್ರು ಯಾರು, ಹೇಳಿ ನೋಡೋಣ?”

“ಅತ್ತೆ” ಎಂದರು ಹಿಂದಿನಿಂದ ಯಾರೋ.

“ಅಲ್ಲ! ಕುರ್ಚಿ! ಬೆಳಗಿಂದ ಸಂಜೆತನಕ ಕೂತು ಕೂತು ನಾವು ಹಾಳಾಗ್ತಿದ್ದೀವಿ. ಇನ್ಮೇಲೆ ಅರ್ಧ ಗಂಟೆಗೊಂದ್ಸಲ ಕುರ್ಚಿ ಬಿಟ್ಟು ಎದ್ದೇಳ್ಬೇಕು. ಆಯ್ತಾ? ಎಲ್ರೂ ಮಾತು ಕೊಡಿ.”

ಉಸ್ಸಮ್ಮ ಕಿಸಕ್ಕೆಂದಳು, ಅವಳ ಹಿಂದೆ ಇಡೀ ಸಾಲು. ಉಸ್ಸಮ್ಮ ಎಂದರೆ ಹೋದ ವರ್ಷ ಕೆಲಸಕ್ಕೆ ಸೇರಿದ ದಪ್ಪ ಕಾಲಿನ ಹೆಂಗಸು. ಗಿಡ್ಡ ಸ್ಟೂಲಿನ ಮೇಲೆ ಕೂತಾಗಲೆಲ್ಲ ಕುಕ್ಕರಿನ ಹಾಗೆ ‘ಉಸ್ಸ್’ ಎಂದು ಉಸಿರು ಬಿಡುತ್ತಾಳೆ. ಹೆಸರಿಟ್ಟವಳು ನಾನೇ. ನಗಬೇಡ ಎಂದು ಕಣ್ಣು ಬಿಟ್ಟೆ, ಸುಮ್ಮನಾದಳು.

ಕಂಪ್ಯೂಟರಿನ ಮುಂದೆ ಕೂರುವವರಿಗಾಗಿ ಬಾಯಿಪಾಠ ಮಾಡಿದ ಭಾಷಣವನ್ನೇ ನೀರುಬಾಟಲಿ ನಮಗೂ ಒಪ್ಪಿಸಿದ್ದಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೂ ಒಂದನ್ನು ಒಪ್ಪಬೇಕು: ಕೂರುವುದು ಕೆಟ್ಟ ಚಟ ಎಂದು ನಾನು ಇಷ್ಟು ವರ್ಷ ಬಿಟ್ಟಿ ಬಡಿದುಕೊಂಡದ್ದನ್ನು ಇವಳು ಸಂಬಳ ತೆಗೆದುಕೊಂಡು ಹೇಳುತ್ತಿದ್ದಾಳೆ. ‘ಕುರ್ಚಿ ಬಿಡಿ, ಆರೋಗ್ಯ ಪಡೆಯಿರಿ’ ಎಂಬ ದೊಡ್ಡ ಚಿತ್ರಪಟವನ್ನು ನಾನು ನಿಲ್ಲುವ ಜಾಗದ ಹಿಂದೆಯೇ ಅಂಟಿಸಿದರು. ಯಜಮಾನರು ಅದನ್ನು ಓದಿ, “ನೋಡಮ್ಮ, ನಮ್ಮಪ್ಪ ಆ ಕಾಲದಲ್ಲೇ ಹೇಳಿದ್ರು” ಎಂದು ಹಿಗ್ಗಿ ಹೀರೇಕಾಯಿಯಾದರು.

ಮಾರ್ಚ್ 9, ಭಾನುವಾರ

ರಜೆ. ಮನೆಯ ಡ್ರೈವರ್ ಸಾಹೇಬರಿಗೂ, ಎಂದರೆ ನನ್ನ ಗಂಡನಿಗೂ, ರಜೆ. ಅವರು ಬಸ್ಸು ಓಡಿಸುತ್ತಾರೆ, ಎಂದರೆ ಇಡೀ ದಿನ ಕೂತಿರುತ್ತಾರೆ, ಮನೆಗೆ ಬಂದು ‘ಸುಸ್ತಾಯ್ತು’ ಎಂದು ಮತ್ತೆ ಕೂರುತ್ತಾರೆ. ಬೆನ್ನು ನೋವಿಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ನಡೆಯುತ್ತಾರೆ. ಕೂತು ದಣಿಯುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬಟ್ಟೆ ಒಗೆಯಲು ಪ್ಯಾಂಟು ಮಡಚಿಕೊಂಡಿದ್ದೆ. ಹಿಂದಿನಿಂದ ಬಂದು ನೋಡಿದರು. “ಲೇ, ನಿನ್ನ ಕಾಲು ನೋಡ್ಕೊಂಡಿದ್ದೀಯಾ?”

“ದಿನಾ ಅದರ ಮೇಲೇ ನಿಲ್ತೀನಿ, ಗೊತ್ತು.”

“ನರ ಎಲ್ಲ ಹಗ್ಗದ ಥರ ಉಬ್ಬಿದೆ. ಗಾಡಿಯಲ್ಲಿ ಪೈಪು ಹೀಗೆ ಉಬ್ಬಿದ್ರೆ ಡಿಪೋ ಗೇಟು ದಾಟೋಕೂ ಬಿಡಲ್ಲ.”

ನಾನು ಗಾಡಿಯಲ್ಲ ಎಂದೆ. ಮಡಚಿದ್ದನ್ನು ಇಳಿಸಿಕೊಂಡೆ, ತುದಿ ಒದ್ದೆಯಾಯಿತು. ಎಡಗಾಲಿನ ಹರಡಿನ ಹತ್ತಿರ ಚರ್ಮ ಕಪ್ಪಿಟ್ಟಿರುವುದು ನಿಜ. ವಯಸ್ಸಾದರೆ ಯಾರಿಗೆ ಏನಾಗುವುದಿಲ್ಲ? ಅವರ ತಲೆಯಲ್ಲಿ ಕೂದಲು ಉದುರಿದಾಗ ನಾನೇನಾದರೂ ಡಿಪೋದ ಮಾತೆತ್ತಿದ್ದೆನೇ?

ಮಾರ್ಚ್ 11, ಮಂಗಳವಾರ

‘ಹತ್ತುಜೋಡಿ’ ಇವತ್ತೂ ಬಂದಿತ್ತು. ಈ ಮುದುಕಿಯ ಬಗ್ಗೆ ಬರೆಯದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆದು, ಎಲ್ಲರ ಕಾಲೂ ಸೋಲುವ ವೇಳೆಗೆ ಸರಿಯಾಗಿ ಮೆಟ್ಟಿಲು ಹತ್ತಿ ಬರುತ್ತಾಳೆ. ಮೂಲೆಯ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗುತ್ತಾಳೆ. “ಆ ದಪ್ಪಗಿರೋ ಹುಡುಗೀನೇ ಬರಲಿ, ಅವಳ ಕೈ ಮೆತ್ತಗಿದೆ” ಎನ್ನುತ್ತಾಳೆ. ಉಸ್ಸಮ್ಮ ಗಿಡ್ಡ ಸ್ಟೂಲು ಎಳೆದುಕೊಂಡು ‘ಉಸ್ಸ್’ ಎಂದು ಕೂರುತ್ತಾಳೆ. ಶುರುವಾಯಿತು ನೋಡಿ. ಇದು ಬೆರಳಿಗೆ ಒತ್ತುತ್ತದೆ, ಅದು ಹಿಮ್ಮಡಿಗೆ ಸಡಿಲ, ಮತ್ತೊಂದರ ಬಣ್ಣ ಮಂಕು, ಇನ್ನೊಂದು ಪಾಪ ಸರಿಯಿದೆ ಆದರೆ ಅದರ ಮುಖ ಸರಿಯಿಲ್ಲ. ಚಪ್ಪಲಿಗೆ ಮುಖ! ಸುತ್ತ ಡಬ್ಬಗಳ ಕೋಟೆ ಕಟ್ಟಿಸಿ, ಕೊನೆಗೆ ತನ್ನ ಸವೆದ ಹಳೆ ಚಪ್ಪಲಿಯನ್ನೇ ಮೆಟ್ಟಿಕೊಂಡು “ನಾಳೆ ಬರ್ತೀನಮ್ಮ” ಎಂದು ಇಳಿದು ಹೋಗುತ್ತಾಳೆ.

ಮನೆಯಲ್ಲಿ ಮಾತಾಡಿಸುವವರಿಲ್ಲದ ಮುದುಕಿಯರಿಗೆಲ್ಲ ನಮ್ಮ ಅಂಗಡಿಯೇ ಸಿಗಬೇಕೇ? ಉಸ್ಸಮ್ಮನಾದರೂ ಬೇಜಾರು ತೋರಿಸುತ್ತಾಳೋ ಎಂದರೆ ಅದೂ ಇಲ್ಲ. ನಗುನಗುತ್ತ ಡಬ್ಬ ಬಿಚ್ಚುತ್ತಾಳೆ, ಮುಚ್ಚುತ್ತಾಳೆ. ತಕ್ಕ ಗಿರಾಕಿಗೆ ತಕ್ಕ ಕೆಲಸದವಳು.

ಮಾರ್ಚ್ 14, ಶುಕ್ರವಾರ

ಕಾಲು ತುರಿಸುತ್ತದೆ. ಕಾಲುಚೀಲದ್ದೇ ದೋಷ. ಬರೆಯುವುದಕ್ಕೆ ಬೇರೇನೂ ಇಲ್ಲ.

ಮಾರ್ಚ್ 17, ಸೋಮವಾರ

ನೀರುಬಾಟಲಿ ಮತ್ತೆ ಬಂದಳು. ಇವತ್ತು ಪಾದ ಪರೀಕ್ಷೆಯಂತೆ, ಎಲ್ಲರೂ ಬೂಟು, ಕಾಲುಚೀಲ ಬಿಚ್ಚಬೇಕಂತೆ. ಮೊದಲು ಬಿಚ್ಚಿದವಳು ‘ಹೌದುಮೇಡಂ’. ಅವಳು ನನ್ನ ಕೈಕೆಳಗಿನವರಲ್ಲಿ ಹಿರಿಯಳು. ಯಾರು ಏನು ಹೇಳಿದರೂ “ಹೌದು ಮೇಡಂ” ಎನ್ನುವುದೇ ಅವಳ ಉಸಿರಾಟ. ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದರೂ ಅವಳು ಆ ಕಡೆ ತಿರುಗಿ ಕೈಮುಗಿಯುವವಳೇ.

ನಾನು ಬಿಚ್ಚಲಿಲ್ಲ. “ನನಗೇನೂ ಆಗಿಲ್ಲ” ಎಂದೆ.

“ನೋಡಿದ್ರೆ ತಾನೆ ಗೊತ್ತಾಗೋದು, ಅಕ್ಕಾ?” ಎಂದಳು ನೀರುಬಾಟಲಿ. ನನ್ನನ್ನು ಅಕ್ಕ ಎನ್ನಲು ಇವಳ್ಯಾರು?

“ನೋಡೋದು ಏನಿದ್ರೂ ಗಿರಾಕಿಗಳ ಪಾದ. ನಾನು ಗಿರಾಕಿ ಅಲ್ಲ.”

ಉಳಿದವರ ಪಾದಗಳನ್ನು ನೋಡುತ್ತ ನೋಡುತ್ತ ಅವಳು ಕಂಕುಳಿನ ಬಾಟಲಿಯನ್ನೂ ಕೆಳಗಿಟ್ಟಳು. ಉಸ್ಸಮ್ಮನ ಪಾದ ಒತ್ತಿದರೆ ಬೆರಳು ಒತ್ತಿದಲ್ಲಿ ಕುಳಿ ಬಿತ್ತು, ಬೇಗ ಮೇಲೇಳಲಿಲ್ಲ. ನೀರುಬಾಟಲಿ ಸುತ್ತಲಿನ ಕುರ್ಚಿಗಳನ್ನೆಲ್ಲ ನೋಡಿ, “ಅಲ್ಲ, ನೀವೆಲ್ಲ ಎಲ್ಲಿ ಕೂತ್ಕೋತೀರಿ?” ಎಂದು ಕೇಳಿದಳು. ಅವಳು ತಿರುಗಿ ನನ್ನ ಹಿಂದಿದ್ದ ತನ್ನದೇ ಚಿತ್ರಪಟ ಓದಿಕೊಂಡಳು. ಕಿವಿಯ ತನಕ ಕೆಂಪಾದಳು. ಚೆನ್ನಾಗಿ ಆಯಿತು ಅಂದುಕೊಂಡೆ. ಅಂದುಕೊಂಡಷ್ಟು ಖುಷಿಯೇನೂ ಆಗಲಿಲ್ಲ, ಕಾಲು ಜೋಮು ಹಿಡಿದಿತ್ತು.

ಮಾರ್ಚ್ 19, ಬುಧವಾರ

ಡ್ರೈವರ್ ಸಾಹೇಬರು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮನಿಗೆ ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ, ಕಾಲಿನೊಂದಿಗೇ ಮಾತಾಡಿದಳು. ರಕ್ತ ಮೇಲೆ ಹೋಗಲಾರದೆ ಕಾಲಿನಲ್ಲೇ ನಿಲ್ಲುತ್ತಿದೆಯಂತೆ. ಹರಡಿನ ಹತ್ತಿರ ನರದ ಮೇಲಿನ ಚರ್ಮ ಕಾಗದದಷ್ಟು ತೆಳುವಾಗಿದೆಯಂತೆ. “ನಡೀರಿ, ಒಳ್ಳೇದು. ಕೂತ್ಕೊಳ್ಳಿ, ಕಾಲು ಎತ್ತಿ ಇಟ್ಕೊಳ್ಳಿ, ಅದೂ ಒಳ್ಳೇದು. ನಿಂತಲ್ಲೇ ನಿಲ್ಲೋದು ಮಾತ್ರ ಬೇಡ. ಒಡೆದ್ರೆ ರಕ್ತ ಸುರಿಯುತ್ತೆ, ನಿಮಗೆ ಗೊತ್ತೂ ಆಗಲ್ಲ.”

“ಕೆಲಸವೇ ನಿಲ್ಲೋದು” ಎಂದೆ.

“ಹಾಗಾದ್ರೆ ಕೆಲಸ ಕೊಟ್ಟವರಿಗೆ ಹೇಳಿ.”

ಹೇಳುವುದಂತೆ! ಬಾಯಿಗೆ ಬಂದದ್ದು ಹೇಳಿ ಕಳಿಸುವುದಕ್ಕೆ ಇವರಿಗೇನು ಹೋಗಬೇಕು. ನಿಲ್ಲಲಾರದ ಮೇಲ್ವಿಚಾರಕಿಯನ್ನು ಯಜಮಾನರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ನನಗಿಂತ ಮುಂಚೆ ಇದ್ದವಳ ಮಂಡಿ ಹೋದಾಗ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಆ ಹೂಗುಚ್ಛ ಕೊಂಡು ತಂದದ್ದು ನಾನೇ. ನನಗೆ ಹೂ ಬೇಡ. ಆ ಮಹಡಿ ಬಿಟ್ಟರೆ ನಾನು ಯಾರು? ಡ್ರೈವರನ ಹೆಂಡತಿ, ಅಷ್ಟೇ. ಇನ್ನೂ ದಪ್ಪನೆಯ ಕಾಲುಚೀಲ ಕೊಂಡುಕೊಂಡೆ.

ಮಾರ್ಚ್ 22, ಶನಿವಾರ

ಇವತ್ತು ಹತ್ತುಜೋಡಿ ಮುದುಕಿ ನನ್ನ ಮರ್ಯಾದೆಗೇ ಕೈ ಹಾಕಿದಳು. ಉಸ್ಸಮ್ಮ ಬೇರೆ ಗಿರಾಕಿಯ ಹತ್ತಿರ ಇದ್ದಳು. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ, ಅದರಲ್ಲೂ ಕೆಳಗೆ, ಚೆನ್ನಾಗಿ ನೋಡಿದಳು. ನಾನು ಭಾರವನ್ನು ಬಲಗಾಲಿನ ಮೇಲೆ ಹಾಕಿ ನಿಂತಿದ್ದೆ.

“ನೀವೇ ಬನ್ನಿ ಅಮ್ಮ, ಆ ಸ್ಟೂಲಿನ ಮೇಲೆ ಕೂತು ನನಗೊಂದು ಜೋಡಿ ತೊಡಿಸಿ.”

“ನಾನು ಮೇಲ್ವಿಚಾರಕಿ.”

“ಗೊತ್ತು. ಅದಕ್ಕೇ ಕೇಳಿದ್ದು.”

ಇಡೀ ಮಹಡಿ ಕಿವಿ ನೆಟ್ಟಗೆ ಮಾಡಿಕೊಂಡಿತ್ತು. ಸೊಕ್ಕು ನೋಡು! ಒಂದು ಚಪ್ಪಲಿ ಕೊಳ್ಳುವ ಯೋಗ್ಯತೆಯಿಲ್ಲ, ಮೇಲ್ವಿಚಾರಕಿಯೇ ಬಂದು ಕಾಲು ಹಿಡಿಯಬೇಕಂತೆ. ಹೌದುಮೇಡಂಳನ್ನು ಕರೆದು ಮುಂದೆ ಕೂರಿಸಿದೆ. ಮುದುಕಿ ಒಂದೇ ಜೋಡಿ ಹಾಕಿ ನೋಡಿ ಎದ್ದಳು.

ಸಂಜೆ ಬಸ್ ನಿಲ್ದಾಣದಲ್ಲಿ ಗುಟ್ಟು ರಟ್ಟಾಯಿತು. ಉಸ್ಸಮ್ಮ ಅದೇ ಮುದುಕಿಯ ಹೆಗಲು ಹಿಡಿದುಕೊಂಡು ಕುಂಟುತ್ತ ಬಸ್ಸು ಹತ್ತುತ್ತಿದ್ದಳು. “ಅತ್ತೆ, ನೀವು ಮೊದಲು ಹತ್ತಿ” ಎಂದದ್ದು ನನ್ನ ಕಿವಿಗೇ ಬಿತ್ತು. ಅತ್ತೆಯಂತೆ! ಸೊಸೆ ಕೂರಲಿ ಎಂದು ಅತ್ತೆ ದಿನಾ ಗಿರಾಕಿಯ ವೇಷ ಹಾಕಿ ಬರುವುದು! ಅತ್ತೆ ಸೊಸೆ ಜಗಳವಾಡುವುದನ್ನು ಕಂಡಿದ್ದೇನೆ, ಕೇಳಿದ್ದೇನೆ, ನಾನೂ ಆಡಿದ್ದೇನೆ. ಇಬ್ಬರೂ ಸೇರಿ ಒಂದು ಅಂಗಡಿಗೆ ಟೋಪಿ ಹಾಕುವುದನ್ನು ಮಾತ್ರ ಈ ಜನ್ಮದಲ್ಲಿ ಕಂಡಿರಲಿಲ್ಲ.

ಮಾರ್ಚ್ 24, ಸೋಮವಾರ

ಮುದುಕಿಯನ್ನು ಮೆಟ್ಟಿಲಲ್ಲೇ ತಡೆದೆ. “ಕೊಳ್ಳೋದಾದ್ರೆ ಬನ್ನಿ. ಇದು ಅಂಗಡಿ, ಛತ್ರ ಅಲ್ಲ” ಎಂದೆ. ಅವಳು ಜಗಳಕ್ಕೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಹತ್ತಿರ ಮಾತುಗಳು ತಯಾರಿದ್ದವು. “ಆಗಲಿ ಅಮ್ಮ” ಎಂದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಅರ್ಧದಲ್ಲಿ ನಿಂತು, “ನಿಮ್ಮ ಎಡಗಾಲು ಜೋಪಾನ” ಎಂದಳು.

ಉಸ್ಸಮ್ಮ ಮೇಲಿನಿಂದ ನೋಡುತ್ತಿದ್ದಳು. ಮಧ್ಯಾಹ್ನ ಗಿರಾಕಿಗಳೇ ಇರಲಿಲ್ಲ. ಸಂಜೆಯವರೆಗೆ ಗೋಡೆಗೆ ಒರಗದೆ ನಿಂತಳು. ಒಮ್ಮೆಯೂ ‘ಉಸ್ಸ್’ ಕೇಳಿಸಲಿಲ್ಲ. ಮಹಡಿ ಶಿಸ್ತಿನಿಂದ ಇತ್ತು. ನನಗೆ ಬೇಕಾದದ್ದೂ ಅದೇ.

ಊಟ ರುಚಿಸಲಿಲ್ಲ. ಉಪ್ಪು ಕಡಿಮೆಯಾಗಿರಬೇಕು.

ಮಾರ್ಚ್ 27, ಗುರುವಾರ

ನೀರುಬಾಟಲಿ ಹೋಗಿ ಯಜಮಾನರ ಸೊಸೆಗೆ ಏನೋ ಚುಚ್ಚಿದ್ದಾಳೆ. ಕೆಲಸದವರಿಗೂ ಕುರ್ಚಿ ಬೇಕು ಎಂದಳಂತೆ, ತನ್ನ ಭಾಷಣವೇ ತಪ್ಪು ಎಂದೂ ಹೇಳಿದಳಂತೆ. ಅಷ್ಟರಮಟ್ಟಿಗೆ ಅವಳಿಗೆ ನಾಚಿಕೆಯಿದೆ ಅನ್ನಬೇಕು. ಫಲವಾಗಿ ಗೋದಾಮಿನಲ್ಲಿ ಒಂದು ಕುರ್ಚಿ ಪ್ರತ್ಯಕ್ಷವಾಯಿತು. ಹತ್ತಾರು ಹೆಂಗಸರಿಗೆ ಒಂದೇ ಕುರ್ಚಿ. ಅದಕ್ಕೆ ಗುಲಾಬಿ ರಿಬ್ಬನ್ನು, ‘ವಿಶ್ರಾಂತಿ ತಾಣ’ ಎಂಬ ಫಲಕ. ಸೊಸೆ ರಿಬ್ಬನ್ನು ಕತ್ತರಿಸಿದಳು, ಹೌದುಮೇಡಂಳನ್ನು ಕೂರಿಸಿ ಫೋಟೊ ಹಿಡಿದರು. ಫೋಟೊ ಮುಗಿದ ಕೂಡಲೇ ಯಜಮಾನರು “ಸರಿ, ಏಳಮ್ಮ” ಎಂದರು.

ಮಧ್ಯಾಹ್ನ ಹೊಸ ಮಾಲು ಬಂತು. ಡಬ್ಬ ಇಡಲು ಜಾಗವಿಲ್ಲದೆ ಆ ಕುರ್ಚಿಯ ಮೇಲೇ ಪೇರಿಸಿದರು. ಈಗ ಚಪ್ಪಲಿಗಳು ವಿಶ್ರಾಂತಿ ಪಡೆಯುತ್ತಿವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಸುಮ್ಮನೆ ಹೇಳಿದರೇ? ಇಂಥ ಮೂರ್ಖತನಕ್ಕೆ ನನಗೆ ನಗು ಬರಬೇಕಿತ್ತು. ಸಿಟ್ಟು ಬಂತು. ಯಾಕೋ ಗೊತ್ತಿಲ್ಲ, ನನಗೇನೂ ಕುರ್ಚಿ ಬೇಕಾಗಿಲ್ಲವಲ್ಲ.

ಏಪ್ರಿಲ್ 2, ಬುಧವಾರ

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಡೊಂಕಾಗುತ್ತಿದೆ. ಎಡಗಾಲು ದಿಂಬಿನ ಮೇಲಿದೆ.

ನಿನ್ನೆ ಮಧ್ಯಾಹ್ನ ಎಂದಿನಂತೆ ಚಿತ್ರಪಟದ ಮುಂದೆ ನಿಂತಿದ್ದೆ. ಬೂಟಿನೊಳಗೆ ಬೆಚ್ಚಗೆ, ಒದ್ದೆ ಒದ್ದೆ ಅನ್ನಿಸಿತು. ನೋವಿಲ್ಲ. ನೆಲ ಒರೆಸುವವಳು ಬಕೆಟ್ಟು ಉರುಳಿಸಿದ್ದಾಳೆ ಅಂದುಕೊಂಡು, “ಕಣ್ಣು ಕಾಣಿಸಲ್ವೇನೇ?” ಎಂದು ಅವಳಿಗೆ ಬೈದೆ. ಅವಳು ನನ್ನ ಕಾಲ ಕೆಳಗೆ ನೋಡಿ ಕಿರುಚಿಕೊಂಡಳು. ನೆಲ ಕೆಂಪಾಗಿತ್ತು. ನಾನು ನಿಂತೇ ಇದ್ದೆ. ನೆಲದ ಕಲೆ ಹೋಗಬೇಕಾದರೆ ತಕ್ಷಣ ತಣ್ಣೀರು ಹಾಕಬೇಕು ಎಂದು ಹೇಳುತ್ತಿದ್ದೆನಂತೆ.

ಉಸ್ಸಮ್ಮ ಓಡಿಬಂದಳು. ಆ ದಪ್ಪ ಕಾಲಿನಲ್ಲಿ ಅಷ್ಟು ಜೋರಾಗಿ ಓಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. “ಮಲಗಿ ಅಕ್ಕಾ, ಮಲಗಿ!”

“ಗಿರಾಕಿಗಳಿದ್ದಾರೆ” ಎಂದೆ.

“ಗಿರಾಕಿಗಳ ಮನೆ ಹಾಳಾಗ್ಲಿ!”

ಹೆಗಲು ಹಿಡಿದು ನೆಲದ ಮೇಲೆ ಮಲಗಿಸಿಯೇಬಿಟ್ಟಳು. ಗಿಡ್ಡ ಸ್ಟೂಲು ಎಳೆದುಕೊಂಡು ಕೂತು, ನನ್ನ ಕಾಲನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ಬೂಟು ಒರೆಸುವ ಬಟ್ಟೆಯ ಹೊಸ ಮಡಿಕೆ ಹರಡಿನ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಳು. ಆಂಬುಲೆನ್ಸು ಬರುವವರೆಗೂ ಕೈ ತೆಗೆಯಲಿಲ್ಲ. ಅವಳ ಸಮವಸ್ತ್ರವೆಲ್ಲ ನನ್ನ ರಕ್ತ. ನಾನು ಕೆಳಗಿನಿಂದ ಅವಳ ಮುಖವನ್ನು ನೋಡುತ್ತಿದ್ದೆ. ಅಳುತ್ತಿದ್ದಳು, ಪೆದ್ದಿ. ತನ್ನ ಅತ್ತೆಯನ್ನು ಮೆಟ್ಟಿಲಿಳಿಸಿದವಳಿಗಾಗಿ ಅಳುವುದು ಯಾವ ಬುದ್ಧಿವಂತಿಕೆ?

ಕೆಳಗಿನಿಂದ ನೋಡಿದರೆ ಆ ಮಹಡಿ ಬೇರೆಯೇ ಕಾಣುತ್ತದೆ. ಕಾಲುಗಳು, ಬರೀ ಕಾಲುಗಳು. ನಮ್ಮವರ ಕಾಲುಗಳೆಲ್ಲ ಊದಿಕೊಂಡಿವೆ. ಇಷ್ಟು ವರ್ಷ ಮೇಲೆ ನಿಂತು ಏನು ನೋಡುತ್ತಿದ್ದೆನೋ.

ಏಪ್ರಿಲ್ 5, ಶನಿವಾರ

ಹೂಗುಚ್ಛ ಬಂತು. ಬಿಳಿ, ಹಳದಿ. ಯಜಮಾನರೇ ಫೋನು ಮಾಡಿದರು. “ನಿಧಾನವಾಗಿ ಹುಷಾರಾಗಮ್ಮ, ಅವಸರ ಏನಿಲ್ಲ. ಸದ್ಯಕ್ಕೆ ಅವಳನ್ನ ನಿನ್ನ ಜಾಗದಲ್ಲಿ ನಿಲ್ಲಿಸಿದ್ದೀನಿ.” ಅವಳು ಎಂದರೆ ಹೌದುಮೇಡಂ. ‘ಸದ್ಯಕ್ಕೆ’ ಎಂದರೆ ಏನು ಎಂದು ನನಗೆ ಅರ್ಥವಾಗದೇ?

ಡ್ರೈವರ್ ಸಾಹೇಬರು ಹೂಗಳನ್ನು ನೀರಿನಲ್ಲಿಡಲು ಹೋದರು. ಹೊರಗೆ ಎಸೆಯಿರಿ ಎಂದೆ. ಎಸೆದರು. ಆಮೇಲೆ ಬಂದು ನನ್ನ ಕಾಲ ಬಳಿ ಕೂತರು. ಈ ಮನುಷ್ಯನಿಗೆ ಕೂರುವುದು ಚೆನ್ನಾಗಿ ಬರುತ್ತದೆ. ಅದು ಒಂದು ವಿದ್ಯೆ ಎಂದು ಈಗ ಗೊತ್ತಾಗುತ್ತಿದೆ. ನನಗೆ ಅಳು ಬಂತು. ಕಾಲು ನೋವಿಗೆ ಅಲ್ಲ.

ಏಪ್ರಿಲ್ 9, ಬುಧವಾರ

ಉಸ್ಸಮ್ಮ, ಅವಳ ಅತ್ತೆ ನೋಡಲು ಬಂದರು. ಮುದುಕಿ ಕುರ್ಚಿ ಸಿಕ್ಕಿದ್ದೇ ತಡ ಪ್ರತಿಷ್ಠಾಪನೆಯಾದಳು, ಅಭ್ಯಾಸಬಲ. ಹೌದುಮೇಡಂ ನನಗಿಂತ ಬಿಗಿಯಂತೆ. ಗೋಡೆಗೆ ಕೈ ಊರಿದರೂ ಹೆಸರು ಬರೆದುಕೊಳ್ಳುತ್ತಾಳಂತೆ. ಬೇಲಿಯ ಗೂಟಕ್ಕೆ ಬಣ್ಣ ಬಳಿದು ಕಂಬ ಎಂದರೆ ಹೀಗೇ ಆಗುವುದು.

“ಅವತ್ತು ನನ್ನನ್ನೇ ಯಾಕೆ ತೊಡಿಸೋಕೆ ಕರೆದ್ರಿ?” ಎಂದು ಮುದುಕಿಯನ್ನು ಕೇಳಿದೆ. ಕೇಳಬಾರದು ಅಂದುಕೊಂಡಿದ್ದೆ, ಬಾಯಿ ತಪ್ಪಿ ಬಂತು.

“ಇನ್ನೇನಮ್ಮ, ಅವರಿಗೆಲ್ಲ ಒಬ್ಬಳಲ್ಲ ಒಬ್ಬಳು ಗಿರಾಕಿ ಬಂದು ಕೂರಿಸ್ತಾಳೆ. ನಿಮ್ಮನ್ನ ಕೂರಿಸೋರು ಯಾರೂ ಇರ್ಲಿಲ್ಲವಲ್ಲ.”

ಚಹಾ ಮಾಡುತ್ತೇನೆ ಎಂದು ಎದ್ದೆ. ಉಸ್ಸಮ್ಮ ನನ್ನನ್ನು ಮತ್ತೆ ಕೂರಿಸಿ ತಾನೇ ಮಾಡಿದಳು. ಸಕ್ಕರೆ ಜಾಸ್ತಿ ಹಾಕಿದ್ದಳು. ಕುಡಿದೆ.

ಏಪ್ರಿಲ್ 15, ಮಂಗಳವಾರ

ಡಾಕ್ಟರಮ್ಮ ನಡೆಯಬಹುದು ಎಂದಿದ್ದಾಳೆ. ಕಾಲಿಗೆ ಬಿಗಿಯಾದ ಪಟ್ಟಿ ಸುತ್ತಿದ್ದಾರೆ, ಹಳೆಯ ಬೂಟು ಹಿಡಿಸುವುದಿಲ್ಲ. ಹೊಸ ಪಾದರಕ್ಷೆ ಕೊಳ್ಳಲೇಬೇಕಲ್ಲ. ಊರಲ್ಲಿ ಇರುವುದು ಅದೊಂದೇ ಒಳ್ಳೆಯ ಅಂಗಡಿ. ಅದಕ್ಕೆ ಹೋದೆ. ಬೇರೆ ಯಾವ ಕಾರಣವೂ ಇಲ್ಲ. ಹತ್ತುಜೋಡಿಯನ್ನು ಜೊತೆಗೆ ಕರೆದುಕೊಂಡದ್ದು ಮೆಟ್ಟಿಲು ಹತ್ತಲು ಒಂದು ಆಸರೆ ಬೇಕಲ್ಲ ಎಂದು.

ಊಟದ ಹೊತ್ತು ಕಳೆದು ಎಲ್ಲರ ಕಾಲೂ ಸೋಲುವ ವೇಳೆ. ನಡುಮಧ್ಯದ ಕುರ್ಚಿಯಲ್ಲಿ ಕೂತೆ. ಎಷ್ಟು ಮೆತ್ತಗಿದೆ ಆ ಕುರ್ಚಿ! ಇಷ್ಟು ವರ್ಷ ಧೂಳು ಹೊಡೆಸಿದ್ದೇನೆ, ಕೂತಿರಲಿಲ್ಲ. ಎಲ್ಲರೂ ಪಿಳಿಪಿಳಿ ನೋಡುತ್ತಿದ್ದರು, ದೆವ್ವ ಬಂದ ಹಾಗೆ.

“ಏನು ನೋಡ್ತಾ ನಿಂತಿದ್ದೀರಿ? ಗಿರಾಕಿ ಬಂದ್ರೆ ಹೀಗೇನಾ ನೋಡ್ಕೊಳ್ಳೋದು? ತನ್ನಿ, ಇರೋದೆಲ್ಲ ತನ್ನಿ.”

ಉಸ್ಸಮ್ಮ ಬಂದು ಕೂತಳು. ಒಂದಿಷ್ಟು ಜೋಡಿ ತೊಡಿಸಿದಳು. ಪಕ್ಕದಲ್ಲಿ ಹತ್ತುಜೋಡಿ ಇನ್ನೊಬ್ಬಳನ್ನು ಕೂರಿಸಿಕೊಂಡಿದ್ದಳು. ನಾನು ಉಸ್ಸಮ್ಮನತ್ತ ಬೆರಳು ಮಾಡಿ, “ಇವಳಿಗೆ ತೊಡಿಸೋಕೇ ಬರಲ್ಲ, ಬೇರೆ ಯಾರನ್ನಾದ್ರೂ ಕಳಿಸಿ” ಎಂದೆ. ಇನ್ನೊಬ್ಬಳು ಬಂದು ಕೂತಳು. ಅವಳ ಕೈ ಒರಟು ಎಂದೆ, ಮತ್ತೊಬ್ಬಳು ಬಂದಳು. ಅವಳು ಬೇಗ ಬೇಗ ಮುಗಿಸುತ್ತಾಳೆ ಎಂದು ಬೈದು ನಿಧಾನ ಮಾಡಿಸಿದೆ. ಹೀಗೆ ಇಡೀ ಮಹಡಿಯನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿ ಬೈದೆ. ಎಂದೂ ಇಷ್ಟು ಮನಸಾರೆ ಬೈದಿರಲಿಲ್ಲ. ಒಬ್ಬಳ ಮುಖವಾದರೂ ಸಪ್ಪಗಾಯಿತೇ? ಎಲ್ಲ ಹಲ್ಲು ಕಿರಿಯುತ್ತಿದ್ದವು. ಶಿಸ್ತು ಎಂಬುದು ಸತ್ತೇಹೋಗಿದೆ.

ಯಜಮಾನರು ಮೇಲೆ ಬಂದು ನೋಡಿದರು. ಏನು ಹೇಳುತ್ತಾರೆ? ಗಿರಾಕಿ ಕೂತಾಗ ಕೆಲಸದವಳು ಕೂರಬಹುದು. ನಿಯಮ ಅವರಪ್ಪನದೇ. “ಹುಷಾರಾಗಿದ್ದೀಯೇನಮ್ಮ?” ಎಂದು ಕೇಳಿ ಇಳಿದು ಹೋದರು.

ಕೊನೆಗೆ ಉಳಿದವಳು ಹೌದುಮೇಡಂ. ನನ್ನ ಜಾಗದಲ್ಲಿ, ಆ ಚಿತ್ರಪಟದ ಮುಂದೆ, ಎದೆ ಸೆಟೆಸಿ ನಿಂತಿದ್ದಳು. ಭಾರವನ್ನು ಒಮ್ಮೆ ಎಡಗಾಲಿಗೆ ಹಾಕುತ್ತಿದ್ದಳು, ಒಮ್ಮೆ ಬಲಗಾಲಿಗೆ. ಬೂಟಿನ ಅಂಚಿನಲ್ಲಿ ಪಾದ ಹೊರಗೆ ಉಬ್ಬಿತ್ತು. ಹೊಸ ಕಂಬ, ಎರಡೇ ವಾರಕ್ಕೆ ಬಿರುಕು.

“ನೀನು ಬಾ. ನೀನೇ ತೊಡಿಸು” ಎಂದೆ.

“ನಾನು ಮೇಲ್ವಿಚಾರಕಿ ಮೇಡಂ. ನಾನು ಕೂರೋ ಹಾಗಿಲ್ಲ.”

“ಗಿರಾಕಿ ಹೇಳ್ತಿದ್ದೀನಿ. ಕೂತ್ಕೋ.”

ಅವಳು ಸುತ್ತ ನೋಡಿದಳು. “ಹೌದು ಮೇಡಂ” ಎಂದಳು, ಗಿಡ್ಡ ಸ್ಟೂಲು ಎಳೆದುಕೊಂಡಳು, ಕೂತಳು. ಅವಳ ಬಾಯಿಂದಲೂ ಬಂತು, ಉದ್ದಕ್ಕೆ, ‘ಉಸ್ಸ್’ ಎಂದು. ಆಮೇಲೆ ನನ್ನ ಪಟ್ಟಿ ಕಟ್ಟಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿಕೊಂಡೇ ಇದ್ದಳು. ಚಪ್ಪಲಿ ತೊಡಿಸುವುದನ್ನೇ ಮರೆತಿದ್ದಳು, ದಡ್ಡಿ. ನಾನೂ ನೆನಪಿಸಲಿಲ್ಲ.

ಒಂದು ಜೋಡಿಯೂ ಸರಿಯಿಲ್ಲ. ಮಾಲು ಕಳಪೆ, ಸೇವೆ ಅದಕ್ಕಿಂತ ಕಳಪೆ. ನಾಳೆ ಮತ್ತೆ ಹೋಗಬೇಕು. ಗುರುವಾರ ಡ್ರೈವರ್ ಸಾಹೇಬರಿಗೆ ರಜೆ, ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ.